ಠಗ್ಗನ ಮಾತು, ಟೇಲರನ ಕಿವಿ

ಸುರಪುರದ ಗುಡ್ಡದ ಮೇಲೆ ನಿಂತಿರುವ ಟೇಲರ್ ಮಂಜಿಲನ್ನು ಮೊದಲ ಸಲ ನೋಡಿದಾಗ, ಅದನ್ನು ಕಟ್ಟಿಸಿದ ಸಾಹೇಬ ಕಾದಂಬರಿಕಾರನೂ ಆಗಿದ್ದನೆಂಬುದು ನನಗೆ ಗೊತ್ತಿತ್ತೇ ಹೊರತು ಅವನ ಒಂದು ಸಾಲನ್ನೂ ನಾನು ಓದಿರಲಿಲ್ಲ. ಮನೆಗೆ ಮರಳಿದ ಮೇಲೆ ಹುಡುಕಿ ಓದಿದ್ದು ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯನ್ನು. ದಾರಿಹೋಕರ ಸ್ನೇಹ ಬೆಳೆಸಿ, ರುಮಾಲಿನಿಂದ ಕೊರಳು ಬಿಗಿದು ಕೊಂದು ದೋಚುತ್ತಿದ್ದವರ ಹೆಸರಾದ ‘ಠಗ್’ ಎಂಬ ಪದವನ್ನು ಇಂಗ್ಲಿಷ್ ಓದುಗರಿಗೆ ಮನೆಮಾತಾಗಿಸಿದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಪಾಲಿದೆ. ನಾನು ಇದನ್ನು ಎರಡು ಸಲ ಓದಿದ್ದೇನೆ. ಮೊದಲ ಸಲ ನನ್ನ ಕಣ್ಣೆಲ್ಲ ಕಥೆ ಹೇಳುವ ಅಮೀರ್ ಅಲಿಯ ಮೇಲಿತ್ತು; ಎರಡನೆಯ ಸಲ, ಅವನೆದುರು ಕುಳಿತು ಕೇಳಿಸಿಕೊಳ್ಳುವ, ಹೆಚ್ಚು ಮಾತನಾಡದ ಸಾಹೇಬನ ಮೇಲೆ ನೆಟ್ಟಿತು. ಈ ಬರಹ ಎರಡನೆಯ ಓದಿನಿಂದ ಹುಟ್ಟಿದ್ದು.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಇನ್ನೂ ಹದಿನಾರು ತುಂಬದ ಹುಡುಗ ಮುಂಬಯಿಯ ಒಂದು ವ್ಯಾಪಾರಿ ಮನೆಯಲ್ಲಿ ಕೆಲಸ ಮಾಡಲೆಂದು 1824ರಲ್ಲಿ ಹಡಗಿನಿಂದಿಳಿದ; ಆ ವ್ಯಾಪಾರ ಕುಸಿದಿತ್ತು, ಹೇಳಿದ್ದ ಭರವಸೆಗಳು ಸುಳ್ಳಾಗಿದ್ದವು. ಕೊನೆಗೆ ಅವನಿಗೆ ಆಸರೆಯಾದದ್ದು ಹೈದರಾಬಾದಿನ ನಿಜಾಮನ ಸೇನೆಯ ನೌಕರಿ. ಇದು ಸಣ್ಣ ಸಂಗತಿಯಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನಾ ಠಾಣೆಗಳಲ್ಲಿ ತಮ್ಮವರ ನಡುವೆಯೇ ಆಯುಷ್ಯ ಕಳೆದ ಅನೇಕ ಇಂಗ್ಲಿಷ್ ಅಧಿಕಾರಿಗಳಿಗೆ ಸಿಗದ ಒಂದು ಅವಕಾಶ ಅವನಿಗೆ ಸಿಕ್ಕಿತು: ಜನರ ಮಾತನ್ನು ದುಭಾಷಿಯಿಲ್ಲದೆ ಕೇಳುವ ಅವಕಾಶ. ಅವನು ಕಲಿತ ಹಿಂದುಸ್ತಾನಿ ಬರೀ ಆಜ್ಞೆ ಕೊಡುವ ಹಿಂದುಸ್ತಾನಿಯಾಗಿರಲಿಲ್ಲ, ಕುಳಿತು ಹರಟುವ ಹಿಂದುಸ್ತಾನಿಯಾಗಿತ್ತು. ಕಾದಂಬರಿಯಲ್ಲಿ ಅಮೀರ್ ಅಲಿಯ ಇಂಗ್ಲಿಷು ಆಗಾಗ ದಖ್ಖನಿಯ ಲಯಕ್ಕೆ ಬಾಗುವುದನ್ನು, ಆಣೆ ಇಡುವಾಗ, ಗಾದೆ ಹೇಳುವಾಗ, ಹಿರಿಯರನ್ನು ಸಂಬೋಧಿಸುವಾಗ ಆ ಭಾಷೆಯ ಬೆನ್ನೆಲುಬು ಒಳಗಿನಿಂದ ಕಾಣಿಸುವುದನ್ನು ನಮ್ಮ ಭಾಗದ ಓದುಗರು ಬೇಗ ಗುರುತಿಸುತ್ತಾರೆ.

ಅವನ ಬದುಕಿನಲ್ಲಿ ಒಂದು ಕೊರಗು ಉಳಿದಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಅವನು ನಿಜಾಮ ಸೀಮೆಯ ನೈರುತ್ಯ ಜಿಲ್ಲೆಗಳಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಾಗ ದಾರಿಯ ಬದಿಗಳಲ್ಲಿ ಗುರುತು ಸಿಗದ ಹೆಣಗಳು ಪತ್ತೆಯಾಗತೊಡಗಿದವು. ಕೊಂದವರು ಯಾರೆಂದು ಯಾರೂ ಹೇಳಲಾರರು; ಊರವರ ಮೇಲೆ ಅನುಮಾನವಿಲ್ಲ, ಡಕಾಯಿತರ ದಾಳಿಯ ಸುಳಿವಿಲ್ಲ. ಅವನು ಎಳೆ ಹಿಡಿದು ಹೊರಡುವಷ್ಟರಲ್ಲಿ ಅವನನ್ನು ಪೊಲೀಸು ಕೆಲಸದಿಂದ ಬಿಡಿಸಿ ಮರಳಿ ಪಲ್ಟನಿಗೆ ಕಳಿಸಲಾಯಿತು. ಕೆಲವೇ ವರ್ಷಗಳಲ್ಲಿ, ಉತ್ತರದಲ್ಲಿ ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್ ಆ ಗುಟ್ಟನ್ನು ಬಯಲಿಗೆಳೆದು ಹೆಸರಾದ. ತನ್ನ ಕೈಗೆ ಬಂದದ್ದು ತಪ್ಪಿಹೋಯಿತೆಂಬ ನೋವನ್ನು ಟೇಲರ್ ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲೂ ಮರೆತಿಲ್ಲ. ಮುಂದೆ ಹೈದರಾಬಾದ್ ಸೀಮೆಯಲ್ಲಿ ಸಿಕ್ಕಿಬಿದ್ದ ಠಗ್ಗರ ಹೇಳಿಕೆಗಳನ್ನು ದಾಖಲಿಸುವ ಕೆಲಸ ಅವನ ಪಾಲಿಗೂ ಬಂದಿತು. ದಿನ ದಿನವೂ ಕುಳಿತು ಅವನು ಕೇಳಿದ ಕಥೆಗಳು ಈ ಕಾದಂಬರಿಯ ಬುನಾದಿಯಾದವು.

ಸ್ಲೀಮನ್‌ನ ಅನುಭವವೂ ಬೆಚ್ಚಿಬೀಳಿಸುವಂಥದೇ. ಅವನು ಮಧ್ಯ ಭಾರತದ ನರಸಿಂಗಪುರದಲ್ಲಿ ಮ್ಯಾಜಿಸ್ಟ್ರೇಟನಾಗಿದ್ದಾಗ, ಜಿಲ್ಲೆಯಲ್ಲಿ ಒಂದು ಸಣ್ಣ ಕಳ್ಳತನ ನಡೆದರೂ ತನಗೆ ತಿಳಿಯದೆ ಇರದೆಂದು ನಂಬಿದ್ದ. ಅವನ ಕಚೇರಿಯಿಂದ ನಾನೂರು ಗಜ ದೂರದ ಕಂದೇಲಿ ಗ್ರಾಮದಲ್ಲಿ ಠಗ್ಗರ ಒಂದು ತಂಡವೇ ವಾಸವಾಗಿತ್ತೆಂದು ತಿಳಿದದ್ದು ವರ್ಷಗಳ ನಂತರ. 1830ರಲ್ಲಿ ಸಿಕ್ಕಿಬಿದ್ದ ಫಿರಂಗಿಯಾ ಎಂಬ ಜಮಾದಾರ, ಅಂದರೆ ಠಗ್ಗರ ತಂಡದ ನಾಯಕ, ಪ್ರಾಣ ಉಳಿಸಿಕೊಳ್ಳಲು ಮಾಫಿ ಸಾಕ್ಷಿಯಾಗಲು ಒಪ್ಪಿ, ಸ್ಲೀಮನ್‌ನ ಡೇರೆ ಬಿದ್ದಿದ್ದ ತೋಪಿನಲ್ಲೇ ನೆಲ ಅಗೆಸಿ ಹೆಣಗಳನ್ನು ತೋರಿಸಿದ. ಜಾತಿಯಿಂದ ಬ್ರಾಹ್ಮಣನಾಗಿದ್ದ, ಒಳ್ಳೆಯ ಮನೆತನದ, ಬೇರೆ ನೌಕರಿಯಲ್ಲಿ ಸುಖವಾಗಿ ಇರಬಹುದಾಗಿದ್ದ ಈ ಮನುಷ್ಯ ಹೇಳಿದ ಮಾತೊಂದು ಸ್ಲೀಮನ್ 1836ರಲ್ಲಿ ಪ್ರಕಟಿಸಿದ ‘ರಾಮಸೀಯಾನ’ದಲ್ಲಿ ದಾಖಲಾಗಿದೆ. ತಾನು ಚಿಕ್ಕವನಿದ್ದಾಗ ತಂದೆ ಆ ಬೆಲ್ಲದ ರುಚಿ ತೋರಿಸಿಬಿಟ್ಟ, ಇನ್ನು ಸಾವಿರ ವರ್ಷ ಬದುಕಿದರೂ ಬೇರೆ ಕಸುಬು ಕೈಗೆ ಹತ್ತದು ಎಂಬುದು ಅದರ ತಾತ್ಪರ್ಯ.

ಬೆಲ್ಲ ಎಂದರೆ ನಿಜವಾದ ಬೆಲ್ಲವೇ. ಪ್ರತಿ ಕೊಲೆಯ ನಂತರ ನೆಲದ ಮೇಲೆ ಕಂಬಳಿ ಹಾಸಿ, ಹೂತವರ ಗುಂಡಿಯ ಹತ್ತಿರವೇ ಕುಳಿತು, ಪೂಜೆ ಮಾಡಿದ ಬೆಲ್ಲವನ್ನು ಹಂಚಿಕೊಂಡು ತಿನ್ನುವ ‘ತುಪೌನಿ’ ಎಂಬ ಆಚರಣೆ ಅವರಲ್ಲಿತ್ತು. ಕಾದಂಬರಿಯಲ್ಲಿ ಅಮೀರ್ ಅಲಿ ಈ ಬೆಲ್ಲ ತಿನ್ನುವ ಪ್ರಸಂಗಕ್ಕೆ ಬಂದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಪ್ರಯಾಣ ಹೊರಟಾಗಲೆಲ್ಲ ಬಸ್ಸಿನಲ್ಲಿ ಪಕ್ಕದವರು ಕೊಟ್ಟದ್ದನ್ನು ತಿನ್ನಬೇಡವೆಂದು ನನ್ನ ತಾಯಿ ಹೇಳುತ್ತಿದ್ದ ಎಚ್ಚರಿಕೆಗೆ ಎಷ್ಟು ತಲೆಮಾರುಗಳ ಹಳೆಯ ಭಯ ಬೆನ್ನಿಗಿರಬಹುದೆಂದು ಆಗ ಅನಿಸಿತು. ನೆಂಟರು ಮನೆಗೆ ಬಂದರೆ ನಾವು ಮೊದಲು ಮುಂದಿಡುವುದು ಬೆಲ್ಲ ಮತ್ತು ನೀರು. ಅದೇ ಬೆಲ್ಲ ಇಲ್ಲಿ ಕೊಂದವರನ್ನು ಒಬ್ಬರಿಗೊಬ್ಬರು ಕಟ್ಟಿಹಾಕುವ ಅಂಟಾಗಿದೆ.

ನನ್ನ ಮಟ್ಟಿಗೆ ಈ ಕಾದಂಬರಿಯ ಭೀತಿ ಇರುವುದು ಇಂಥ ಕಡೆಗಳಲ್ಲಿ, ಕೊಲೆಗಳ ಲೆಕ್ಕದಲ್ಲಲ್ಲ. ಅಮೀರ್ ಅಲಿ ಕೊಂದವರು 719 ಮಂದಿಯೆಂದು ಮುನ್ನುಡಿಯಲ್ಲಿದೆ; ಹನ್ನೆರಡು ವರ್ಷ ಸೆರೆಯಲ್ಲಿ ಕಳೆಯದಿದ್ದರೆ ಸಾವಿರ ದಾಟುತ್ತಿತ್ತೆಂದು ಅವನು ಹಳಹಳಿಸಿದ್ದೂ ಇದೆ. ಅಂಥ ಅಂಕಿಯನ್ನು ಮನಸ್ಸು ಗ್ರಹಿಸುವುದಿಲ್ಲ. ಮನಸ್ಸಿಗೆ ನಾಟುವುದು ಕೊಲೆಗೆ ಮುಂಚಿನ ದಿನಗಳು. ದಾರಿಯಲ್ಲಿ ಒಬ್ಬ ಸಾಹುಕಾರನೋ ಕುಟುಂಬ ಸಮೇತ ಹೊರಟ ಒಬ್ಬ ನವಾಬನ ನೌಕರನೋ ಸಿಗುತ್ತಾನೆ. ಅವನ ಸ್ನೇಹ ಬೆಳೆಸಲೆಂದೇ ‘ಸೋಥಾ’ ಎಂಬ ಮಾತುಗಾರನಿದ್ದಾನೆ. ದಾರಿಯಲ್ಲಿ ಕಳ್ಳರ ಕಾಟ, ಒಟ್ಟಿಗೆ ಹೋಗೋಣ ಎನ್ನುತ್ತಾನೆ. ಒಟ್ಟಿಗೆ ಉಣ್ಣುತ್ತಾರೆ, ಒಬ್ಬರ ಮಕ್ಕಳನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಸಂಜೆ ಹಾಡು ಕೇಳುತ್ತಾರೆ. ಈ ಗೆಳೆತನ ದಿನಗಟ್ಟಲೆ ಸಾಗುವುದುಂಟು. ಅತ್ತ ‘ಲುಘಾಯಿ’ಗಳು ಮುಂದೆ ಹೋಗಿ ಗುಂಡಿ ತೋಡಿರುತ್ತಾರೆ. ಕೊನೆಗೊಂದು ಸಂಜೆ ಎಲ್ಲರೂ ಸುತ್ತ ಕುಳಿತಿರುವಾಗ, ಪ್ರತಿಯೊಬ್ಬ ಪ್ರಯಾಣಿಕನ ಹಿಂದೆ ರುಮಾಲು ಹಿಡಿದವನೊಬ್ಬ, ಪಕ್ಕದಲ್ಲಿ ಕೈ ಹಿಡಿಯುವವನೊಬ್ಬ ಸಿದ್ಧನಾಗಿರುವಾಗ, ಜಮಾದಾರ ‘ತಂಬಾಕು ತಾ’ ಎನ್ನುತ್ತಾನೆ. ಇಷ್ಟೇ. ಯಾವ ಮನೆಯ ಜಗುಲಿಯಲ್ಲೂ ಕೇಳಬಹುದಾದ ಮಾತು. ಟೇಲರ್ ಆ ಮಾತಿನ ಸುತ್ತ ಒಂದು ವಿಶೇಷಣವನ್ನೂ ಸೇರಿಸದೆ ಮುಂದೆ ಹೋಗುವುದರಲ್ಲಿ ಅವನ ಕಲೆಗಾರಿಕೆ ಕಾಣುತ್ತದೆ.

ಅಂದ ಹಾಗೆ, ನಮ್ಮ ಕಡೆ ರುಮಾಲು ಎಂದರೆ ತಲೆಗೆ ಸುತ್ತುವ ಬಟ್ಟೆ. ಠಗ್ಗರ ರುಮಾಲು ಸೊಂಟದಲ್ಲಿರುತ್ತಿತ್ತು, ಅದನ್ನು ಎಸೆಯುವ ವಿದ್ಯೆಯನ್ನು ಹಿರಿಯ ಗುರುವಿನಿಂದ ಕಲಿಯಬೇಕಿತ್ತು. ಕನ್ನಡ ನಾಡಿಗೂ ಇವರು ಹೊಸಬರಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಬೆಂಗಳೂರಿನ ಸುತ್ತಮುತ್ತ ಇಂಥವರು ಸುಮಾರು ನೂರು ಮಂದಿ ಸಿಕ್ಕಿಬಿದ್ದಿದ್ದರು. ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ದಕ್ಷಿಣದ ಈ ಕೊಲೆಗಾರರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡಿಗರು ಅವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ದಾಖಲಿಸಿದ್ದಾನೆ. ನಮ್ಮ ‘ಠಕ್ಕ’ ಮತ್ತು ಹಿಂದಿಯ ‘ಠಗ್’ ಒಂದೇ ಬೇರಿನವು. ಆದರೆ ಠಕ್ಕ ಎನ್ನುವಾಗ ನಮಗೆ ಹೊಳೆಯುವುದು ಮೋಸವೇ ಹೊರತು ಕೊಲೆಯಲ್ಲ. ಆ ಪದಕ್ಕೆ ರಕ್ತದ ಬಣ್ಣ ಹತ್ತಿದ್ದು ಇಂಗ್ಲಿಷಿಗೆ ಹೋದ ಮೇಲೆ.

ಕಥೆಯ ಕೇಂದ್ರದಲ್ಲಿರುವ ಗಂಟು ಹಳೆಯ ದುರಂತ ಕಥೆಗಳ ಗಂಟಿನಂಥದು. ಅಮೀರ್ ಅಲಿಯ ಹೆತ್ತವರನ್ನು ದಾರಿಯಲ್ಲಿ ಕೊಂದ ತಂಡದ ಇಸ್ಮಾಯಿಲನೇ ಆ ಹಸುಳೆಯನ್ನು ಉಳಿಸಿ, ಸ್ವಂತ ಮಗನಂತೆ ಸಾಕುತ್ತಾನೆ. ಹುಡುಗ ಆ ತಂದೆಯನ್ನು ಮನಸಾರೆ ಪ್ರೀತಿಸುತ್ತಾನೆ. ಹಾಗೆ ಬೆಳೆದವನು, ಬಹಳ ವರ್ಷಗಳ ನಂತರ, ಊರಲ್ಲೇ ಉಳಿದು ಬದುಕಿಕೊಂಡಿದ್ದ ತನ್ನ ಒಡಹುಟ್ಟಿದ ತಂಗಿಯನ್ನು ಅರಿಯದೆ ತನ್ನ ಕೈಯಿಂದಲೇ ಕೊಲ್ಲುತ್ತಾನೆ. ಅವಳು ಯಾರೆಂಬುದು ತಿಳಿಯುವುದು ಎಲ್ಲ ಮುಗಿದ ಮೇಲೆ. ಈ ಭಾಗದಲ್ಲಿ ಅಮೀರ್ ಅಲಿಯ ದನಿ ಮೊದಲ ಬಾರಿಗೆ ತಡವರಿಸುತ್ತದೆ. ಅಲ್ಲಿಯವರೆಗೆ ಅವನು ಹೆಮ್ಮೆಯಿಂದ ಹೇಳಿದ್ದೆಲ್ಲವೂ ಬೇರೆ ಯಾರದೋ ತಂಗಿ, ಬೇರೆ ಯಾರದೋ ಅಣ್ಣ ಎಂಬುದನ್ನು ಟೇಲರ್ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಪ್ರೇಮ ಪ್ರಸಂಗಗಳಲ್ಲಿ ಕಾದಂಬರಿ ಸಡಿಲವಾಗಿದೆ. ಅಮೀರ್ ಅಲಿ ಚೀತೂ ಪಿಂಡಾರಿಯ ದಂಡಿನೊಡನೆ ತಿರುಗುವ ಅಧ್ಯಾಯಗಳು ಲೂಟಿಯ ವಿವರಗಳಿಂದ ಇತಿಹಾಸಕ್ಕೆ ಉಪಯೋಗವಾಗಬಹುದು, ಕಥೆಗೆ ಅಷ್ಟಾಗಿ ಅಲ್ಲ.

ಇನ್ನು ಕೇಳುವವನ ವಿಷಯ. ಇಡೀ ಕಾದಂಬರಿ ಒಬ್ಬ ಕೈದಿ ಒಬ್ಬ ಸಾಹೇಬನಿಗೆ ಹೇಳುವ ಮಾತು. ಸಾಹೇಬ ಅಲ್ಲೊಂದು ಇಲ್ಲೊಂದು ಪ್ರಶ್ನೆ ಕೇಳುತ್ತಾನೆ, ಕೆಲವೊಮ್ಮೆ ಹೇಸುತ್ತಾನೆ, ಒಂದು ಕಡೆ ಕಥೆ ನಿಲ್ಲಿಸಿ ಎದುರಿಗಿರುವವನ ನಯವಾದ ನಡೆನುಡಿಯನ್ನು, ಸೆರೆಯಲ್ಲೂ ಅವನು ಕಾಪಾಡಿಕೊಂಡ ಶುಭ್ರವಾದ ಉಡುಪನ್ನು ವರ್ಣಿಸುತ್ತಾನೆ. ಮಿಕ್ಕಂತೆ ಮೌನ. ಆ ಮೌನಕ್ಕೆ ಒಂದು ಬೆಲೆಯಿದೆ, ಅದನ್ನು ತೆತ್ತವನು ಕೈದಿ. ಅಮೀರ್ ಅಲಿ ಮಾಫಿ ಸಾಕ್ಷಿ. ಅವನು ಮಾತನಾಡುತ್ತಿರುವವರೆಗೆ ನೇಣು ದೂರ. ಸಂಗಾತಿಗಳ ಹೆಸರು, ಊರು, ಹೂತ ಜಾಗಗಳು, ಇವೆಲ್ಲ ಅವನ ಪ್ರಾಣದ ಕಂತುಗಳು. ಇಂಥ ಸ್ಥಿತಿಯಲ್ಲಿ ಬಂದ ಮಾತು ಎಷ್ಟು ನಿಜ, ಕೇಳುವವನಿಗೆ ಬೇಕಾದಂತೆ ಎಷ್ಟು ಬೆಳೆದದ್ದು ಎಂಬುದನ್ನು ಕಾದಂಬರಿ ಎಲ್ಲಿಯೂ ಎತ್ತುವುದಿಲ್ಲ. ಓದುಗ ತಾನೇ ಎತ್ತಿಕೊಳ್ಳಬೇಕು.

ಆ ಕಾಲದ ಕಾನೂನನ್ನು ನೋಡಿದರೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. 1836ರ 30ನೆಯ ಕಾಯಿದೆಯ ಪ್ರಕಾರ, ಒಬ್ಬ ವ್ಯಕ್ತಿ ಇಂಥ ದಿನ ಇಂಥವರನ್ನು ಕೊಂದನೆಂದು ಸಾಧಿಸಬೇಕಾಗಿರಲಿಲ್ಲ. ಕಾಯಿದೆ ಬರುವ ಮುಂಚೆಯೋ ನಂತರವೋ, ಕಂಪನಿಯ ಸೀಮೆಯ ಒಳಗೋ ಹೊರಗೋ, ಎಂದಾದರೊಮ್ಮೆ ಠಗ್ಗರ ತಂಡಕ್ಕೆ ಸೇರಿದ್ದನೆಂದು ರುಜುವಾತಾದರೆ ಜೀವಾವಧಿ ಕಠಿಣ ಸೆರೆ. ಆ ರುಜುವಾತು ಬಹುಪಾಲು ಮಾಫಿ ಸಾಕ್ಷಿಗಳ ಬಾಯಿಯಿಂದಲೇ ಬರಬೇಕಿತ್ತು. 1831ರಿಂದ 1837ರವರೆಗೆ 3,266 ಮಂದಿಯ ಪ್ರಕರಣಗಳು ತೀರ್ಮಾನವಾದವು. 412 ಜನ ನೇಣಿಗೇರಿದರು, 483 ಜನ ಮಾಫಿ ಸಾಕ್ಷಿಗಳಾದರು, ಉಳಿದವರಲ್ಲಿ ಹೆಚ್ಚಿನವರು ಗಡೀಪಾರಾದರು ಅಥವಾ ಆಜೀವ ಸೆರೆಗೆ ಹೋದರು. ಮಾಫಿ ಸಾಕ್ಷಿಗಳಿಗೂ ಬಿಡುಗಡೆ ಇರಲಿಲ್ಲ. ಜಬಲ್ಪುರದಲ್ಲಿ ಅವರಿಗಾಗಿ ತೆರೆದ ಕೈಗಾರಿಕಾ ಶಾಲೆಯಲ್ಲಿ ಡೇರೆ, ಜಮಖಾನೆ ನೇಯುತ್ತ ಮುದುಕರಾದರು.

ಠಗ್ಗರು ಬ್ರಿಟಿಷರ ಕಲ್ಪನೆ ಎಂದು ನಾನು ಹೇಳುತ್ತಿಲ್ಲ. ತೋಪುಗಳಲ್ಲಿ ಅಗೆದು ತೆಗೆದ ಹೆಣಗಳು ಕಲ್ಪನೆಯಲ್ಲ. ಮನೆಗೆ ಮರಳದ ಸಿಪಾಯಿಗಳ, ವ್ಯಾಪಾರಿಗಳ ದಾರಿ ಕಾದ ಹೆಂಡಂದಿರು ಕಲ್ಪನೆಯಲ್ಲ. ಆದರೆ ಭವಾನಿಯ ಆಜ್ಞೆಯಿಂದ ಅನಾದಿಕಾಲದಿಂದ ಕೊಲ್ಲುತ್ತ ಬಂದ, ದೇಶವಿಡೀ ಹಬ್ಬಿದ ಒಂದೇ ಪಂಥ ಎಂಬ ಚಿತ್ರವನ್ನು ಕಟ್ಟಿದ್ದು ಆ ಕಾಲದ ಅಧಿಕಾರಿಗಳು, ಅದನ್ನು ಜಗತ್ತಿನ ಮನಸ್ಸಿಗೆ ಇಳಿಸಿದ್ದು ಈ ಕಾದಂಬರಿ. ತಂಡಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಇದ್ದರು. ಶಕುನ ನೋಡುವುದು, ಗುದ್ದಲಿಗೆ ಪೂಜೆ ಮಾಡುವುದು ಅವರಲ್ಲಿತ್ತು. ಆದರೆ ಹೊರಡುವ ಮುನ್ನ ಹಾಲಕ್ಕಿಯ ದನಿಗೆ ಕಿವಿಗೊಡುವ, ಆಯುಧಪೂಜೆಯ ದಿನ ನೇಗಿಲಿಗೆ ಕುಂಕುಮವಿಡುವ ರೈತನ ಮನೆಯಲ್ಲೂ ಅದಿದೆ. ಕುಡುಗೋಲಿಗೆ ಪೂಜೆ ಮಾಡುವವನು ದೇವರಿಗಾಗಿ ಪೈರು ಕೊಯ್ಯುತ್ತಾನೆಂದು ಯಾರೂ ಹೇಳುವುದಿಲ್ಲ. ಮರಾಠರ ಯುದ್ಧಗಳು ಮುಗಿದು ದಂಡುಗಳು ಒಡೆದು ಕೂಲಿಸೈನಿಕರು ಬೀದಿಗೆ ಬಿದ್ದದ್ದು, ಹಣ ಕೈಯಲ್ಲೇ ಹೊತ್ತು ಓಡಾಡಬೇಕಾಗಿದ್ದ ಕಾಲ, ಕಾಡು ಕಣಿವೆಗಳ ಜಮೀನುದಾರರು ಪಾಲು ತೆಗೆದುಕೊಂಡು ತಂಡಗಳಿಗೆ ಆಶ್ರಯ ಕೊಟ್ಟದ್ದು, ಒಂದು ಸಂಸ್ಥಾನದಲ್ಲಿ ಕೊಂದವನು ಗಡಿ ದಾಟಿದರೆ ಹಿಡಿಯುವವರಿಲ್ಲದ್ದು, ಇವೆಲ್ಲ ಕಾದಂಬರಿಯಲ್ಲಿ ಹಿನ್ನೆಲೆಯಾಗಿ ಬಂದು ಹೋಗುತ್ತವೆ. ಪಾಲು ಪಡೆದ ಜಮೀನುದಾರ ಪಾತ್ರವಾಗಿ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ, ಭವಾನಿ ಉಳಿಯುತ್ತಾಳೆ.

ಹುಟ್ಟಿನಿಂದಲೇ ಕಳ್ಳರು, ಕಸುಬಿನಿಂದಲೇ ಕೊಲೆಗಾರರು ಎಂಬ ಈ ಚಿತ್ರ ಠಗ್ಗರೊಂದಿಗೆ ಮುಗಿಯಲಿಲ್ಲ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಿತು, ಮುಂದೆ ದಕ್ಷಿಣಕ್ಕೂ ವಿಸ್ತರಿಸಿತು. ಒಂದು ತಪ್ಪನ್ನೂ ಮಾಡದ ಅಲೆಮಾರಿ ಸಮುದಾಯಗಳು ಹಾಜರಿ ಹಾಕಬೇಕಾಯಿತು, ಚೀಟಿಯಿಲ್ಲದೆ ಊರು ಬಿಡುವಂತಿರಲಿಲ್ಲ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇಂದಿಗೂ ಜನ ‘ಸೆಟ್ಲಮೆಂಟ್’ ಎನ್ನುವ ಬಡಾವಣೆಗಳ ಹೆಸರಿನ ಹಿಂದೆ ಆ ತಂತಿಬೇಲಿಯ ಕಾಲವಿದೆ. ಕಾಯಿದೆ ರದ್ದಾದದ್ದು 1952ರಲ್ಲಿ. ಇದಕ್ಕೆಲ್ಲ ಒಂದು ಕಾದಂಬರಿಯನ್ನು ಹೊಣೆ ಮಾಡುವುದು ಸರಿಯಲ್ಲ, ಆದರೆ ಆ ಕಾನೂನು ಮಾಡಿದವರು ಬೆಳೆದದ್ದು ಇಂಥ ಕಥೆಗಳು ಹರಡಿದ್ದ ಗಾಳಿಯಲ್ಲಿ ಎಂಬುದನ್ನು ಮರೆಯಲು ನನಗಾಗುವುದಿಲ್ಲ.

ಹಾಗಿದ್ದರೂ ಟೇಲರನನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದಿರುವುದಕ್ಕೆ ಸುರಪುರ ಕಾರಣ. ಕಾದಂಬರಿ ಬಂದ ಎರಡು ವರ್ಷಕ್ಕೆ, 1841ರಲ್ಲಿ, ಅವನು ಅಲ್ಲಿಗೆ ಬಂದ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಹುಡುಗ, ರಾಣಿ ಈಶ್ವರಮ್ಮನ ಆಸ್ಥಾನದಲ್ಲಿ ಒಳಜಗಳ. 1853ರವರೆಗೆ ಟೇಲರ್ ಆ ಸಂಸ್ಥಾನವನ್ನು ನೋಡಿಕೊಂಡ, ಬೇಡರ ಊರುಗಳಲ್ಲಿ ತಿರುಗಿದ, ರಾಜನಕೋಳೂರಿನ ಕಲ್ಗೋರಿಗಳನ್ನು ಅಳೆದು ಬರೆದಿಟ್ಟ, ಹುಡುಗನನ್ನು ಓದಿಸಿದ. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ.

1858ರ ಫೆಬ್ರವರಿಯಲ್ಲಿ ಆ ಹುಡುಗ, ಈಗ ಇಪ್ಪತ್ತನಾಲ್ಕರ ದೊರೆ, ಕಂಪನಿಯ ವಿರುದ್ಧ ಎದ್ದು ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಅವನನ್ನು ಸೆರೆಮನೆಯಲ್ಲಿ ಕಾಣಲು ಹೋದ. ಆತ್ಮಕಥೆಯ ಆ ಪುಟಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಕಾದಂಬರಿಯ ಕೋಣೆ ಕಣ್ಣಿಗೆ ಬರುತ್ತಿತ್ತು. ಅದೇ ಜೋಡಿ: ನೆಲದ ಮೇಲೆ ಕೈದಿ, ಎದುರಿಗೆ ಸಾಹೇಬ. ಪ್ರೇರೇಪಿಸಿದವರು ಯಾರೆಂದು ಹೈದರಾಬಾದಿನ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟನಿಗೆ ಹೇಳಿಬಿಟ್ಟರೆ ಕ್ಷಮೆಗೆ ದಾರಿಯಾದೀತೆಂಬ ಮಾತು ಬಂದಿತು. ಅಮೀರ್ ಅಲಿಗೆ ಸಿಕ್ಕ ಅವಕಾಶವೇ ಇದು. ವೆಂಕಟಪ್ಪ ನಾಯಕ ಹೆಸರು ಹೇಳಲು ಒಪ್ಪಲಿಲ್ಲ. ಹೇಡಿಯಂತೆ ಜೀವ ಬೇಡುವುದಿಲ್ಲವೆಂದ. ಅವನ ಕೋರಿಕೆ ಒಂದೇ ಇತ್ತು: ನೇಣು ಹಾಕಬೇಡಿ, ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿ, ಕಳ್ಳನಂತೆ ನೇತಾಡುವಂಥದ್ದನ್ನು ನಾನು ಮಾಡಿಲ್ಲ.

ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ, ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಸತ್ತ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾನೆ, ಸುರಪುರದ ಕಡೆ ಅದನ್ನು ಒಪ್ಪದವರು ಇಂದಿಗೂ ಇದ್ದಾರೆ. 719 ಕೊಲೆಗಳನ್ನು ಹೇಳಿದವನ ಮಾತನ್ನು ಮೂರು ಸಂಪುಟಗಳಲ್ಲಿ ತುಂಬಿದ ಟೇಲರ್, ಒಂದು ಹೆಸರನ್ನೂ ಹೇಳದ ಈ ಹುಡುಗನಿಗೆ ಆತ್ಮಕಥೆಯಲ್ಲಿ ಕೊಟ್ಟದ್ದು ಕೆಲವೇ ಪುಟ. ಅವುಗಳಲ್ಲಿ ಅವನು ತನ್ನನ್ನು ಕರೆದ ‘ಅಪ್ಪಾ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸದೆ, ಕನ್ನಡದಲ್ಲಿ ಕೇಳಿದ ಹಾಗೆಯೇ ಉಳಿಸಿದ್ದಾನೆ.